ಗುಂಡಿ ಕಂಡರೆ ಸುಮ್ಮನಿರದ ಮನುಷ್ಯ

ಕಳೆದ ತಿಂಗಳು ಬೀರೂರು ಜಂಕ್ಷನ್ನಿನಲ್ಲಿ ರೈಲಿಗೆ ಕಾಯುತ್ತಾ ನಿಂತಿದ್ದೆ. ರೈಲು ಎಂದಿನಂತೆ ತಡ. ಹಿಂದಿನಿಂದ ಯಾರೋ "ನಮಸ್ಕಾರ ಸಾ" ಅಂದರು. ತಿರುಗಿದರೆ ಡ್ರೈವರ್ ರುದ್ರಪ್ಪ. ಹತ್ತು ಹನ್ನೆರಡು ವರ್ಷಗಳ ಹಿಂದೆ ನಾನು ತರೀಕೆರೆಯಲ್ಲಿ ರಸ್ತೆ ಇಲಾಖೆಯ ಜೂನಿಯರ್ ಇಂಜಿನಿಯರಾಗಿದ್ದಾಗ ನಮ್ಮ ಲಾರಿ ಓಡಿಸುತ್ತಿದ್ದವನು. ತಲೆ ಪೂರ್ತಿ ನರೆತಿತ್ತು, ಮೀಸೆ ಮಾತ್ರ ಮೊದಲಿನಷ್ಟೇ ಕಪ್ಪಗಿತ್ತು. ಅದರ ಗುಟ್ಟೇನೆಂದು ಕೇಳಬೇಕೆನ್ನುವಷ್ಟರಲ್ಲಿ ಅವನೇ ಮಾತು ತೆಗೆದ.

"ಮೇಸ್ತ್ರಿ ಹೋಗ್ಬಿಟ್ರು ಸಾ. ಯುಗಾದಿ ಆಗಿ ಎಂಟ್ ದಿನಕ್ಕೆ. ನಿಮ್ಗೆ ತಿಳ್ಸಾಣ ಅಂದ್ರೆ ಅಡ್ರೆಸ್ ಇರ್ಲಿಲ್ಲ."

"ಅಯ್ಯೋ, ಎಂಥ ಮನುಷ್ಯ!" ಎಂದು ಬಾಯಿ ಹೇಳಿತು. ಒಳಗಿನಿಂದ ಮಾತ್ರ ಬೇರೊಂದು ದನಿ "ಸದ್ಯ" ಅಂದಿತು. ಸತ್ತವರ ಸುದ್ದಿ ಕೇಳಿ ಸದ್ಯ ಅಂದುಕೊಳ್ಳುವಷ್ಟು ಕೆಟ್ಟವನಲ್ಲ ನಾನು ಎಂದು ನಲವತ್ತು ತುಂಬುವವರೆಗೂ ನಂಬಿಕೊಂಡು ಬಂದಿದ್ದೆ. ಆ ನಂಬಿಕೆ ಬೀರೂರಿನ ಎರಡನೇ ಪ್ಲಾಟ್‌ಫಾರಂ ಮೇಲೆ ಮುಗಿಯಿತು. ಆ 'ಸದ್ಯ' ಯಾಕೆ ಬಂತು ಎಂದು ಹೇಳಬೇಕಾದರೆ ಮೇಸ್ತ್ರಿಗಳ ವಿಷಯ ಹೇಳಬೇಕು.

ಅವರು ತರೀಕೆರೆಯಿಂದ ಅಜ್ಜಂಪುರದ ಕಡೆಗೆ ಹೋಗುವ ರಸ್ತೆಯ ಗ್ಯಾಂಗ್ ಮೇಸ್ತ್ರಿ. ಹೆಸರು ಬರೆಯುವುದಿಲ್ಲ. ಗೌರವಕ್ಕಾಗಿ ಬರೆಯುತ್ತಿಲ್ಲ ಎಂದರೆ ಕೇಳಲು ಚೆನ್ನಾಗಿರುತ್ತದೆ. ನಿಜ ಏನೆಂದರೆ, ಹೆಸರು ಕಂಡರೆ ಯಾರಾದರೂ ಹಳೆಯ ಫೈಲು ತೆಗೆದಾರು ಎಂಬ ಅಂಜಿಕೆ. ಈಗ ನನ್ನ ಕೋಣೆಗೆ ಕರೆಗಂಟೆಯಿದೆ, ಬಾಗಿಲಿಗೆ ಹೆಸರಿನ ಹಲಗೆಯಿದೆ. ಇಂಥ ಸ್ಥಾನಕ್ಕೆ ಬಂದವನು ಸ್ವಲ್ಪ ಹುಷಾರಾಗಿರಬೇಕಾಗುತ್ತದೆ. ಇನ್ನೊಂದು ಮಾತು. ಆಗ ನಾನು ಅವರನ್ನು 'ನೀನು' ಎನ್ನುತ್ತಿದ್ದೆ. ನನಗೆ ಇಪ್ಪತ್ತೆಂಟು, ಅವರಿಗೆ ಐವತ್ತೇಳು. ಈಗ ಸತ್ತ ಮೇಲೆ 'ಅವರು' ಎಂದು ಬರೆಯುತ್ತಿದ್ದೇನೆ. ಖರ್ಚಿಲ್ಲದ ಮರ್ಯಾದೆ.

ಸಿಂಗಟಗೆರೆ ಕಡೆಯವರು. ಹುಡುಗನಾಗಿದ್ದಾಗ ಜಲ್ಲಿ ಒಡೆಯಲು ಬಂದು, ಒಡೆಯುತ್ತ ಒಡೆಯುತ್ತ ಮೇಸ್ತ್ರಿಯಾದವರು. ಕುಳ್ಳಗೆ, ಗಟ್ಟಿಗೆ, ಹಣೆಯ ಮೇಲೆ ಮೂರೆಳೆ ವಿಭೂತಿ. ಖಾಕಿ ಅಂಗಿಗೆ ಹಿತ್ತಾಳೆಯ ಬಿಲ್ಲೆ. ಆ ಬಿಲ್ಲೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ ಫಳಫಳ ಎನ್ನಿಸುತ್ತಿದ್ದರು. ನಶ್ಯ ಏರಿಸುತ್ತಿದ್ದರು. ಟಾರಿನ ಮೇಲೆ ಮಾತ್ರ ಚಪ್ಪಲಿ ಮೆಟ್ಟಿ ನಡೆದವರಲ್ಲ. ಪಕ್ಕದ ಮಣ್ಣಿನ ಮೇಲೆ ಚಪ್ಪಲಿ, ರಸ್ತೆಗೆ ಇಳಿದರೆ ಚಪ್ಪಲಿ ಕೈಯಲ್ಲಿ. ದೇವರ ಭಕ್ತಿ ಥರ ಏನೋ ಇರಬೇಕೆಂದು ಒಮ್ಮೆ ಕೇಳಿದೆ. "ಭಕ್ತಿ ಅಲ್ಲ ಸಾ, ಚಪ್ಲೀಗೆ ಟಾರ್ ಮೆತ್ಕಂಡ್ರೆ ಹೋಗಲ್ಲ. ಹೊಸಾ ಚಪ್ಲಿ" ಅಂದರು.

ಎತ್ತಿನ ಗಾಡಿಯವರಿಗೂ ಅವರಿಗೂ ದಿನಾ ಕದನ. ಕಬ್ಬಿಣದ ಪಟ್ಟಿ ಹಾಕಿದ ಗಾಲಿ ಟಾರಿನ ಮೇಲೆ ಬಂತೆಂದರೆ ಎರಡು ಫರ್ಲಾಂಗ್ ದೂರದಿಂದಲೇ ಕೂಗು ಶುರು.

"ಲೇ, ಪಕ್ಕಕ್ ಹೊಡೀಲೇ! ನಿಮ್ಮಪ್ಪ ಹಾಕ್ಸಿದ್ನೇನೋ ಟಾರು?"

"ನಿಮ್ಮಪ್ಪ ಹಾಕ್ಸಿದ್ನಾ ಮೇಸ್ತ್ರಿ?"

"ಅಪ್ಪ ಅಲ್ಲ ಕಣೋ ಬೇಕೂಫ, ನಾನೇ ಹಾಕಿದ್ದು!"

ಅದು ನಿಜವೇ ಆಗಿದ್ದರಿಂದ ಗಾಡಿಯವರು ಎತ್ತುಗಳನ್ನು ಪಕ್ಕಕ್ಕೆ ಹೊಡೆಯುತ್ತಿದ್ದರು.

ಅವರ ರಸ್ತೆಯಲ್ಲಿ ಮೈಲಿಕಲ್ಲುಗಳಿದ್ದವು, ಆದರೆ ಅವರಿಗೆ ಅವು ಬೇಕಿರಲಿಲ್ಲ. ಗುಂಡಿಗಳೇ ಗುರುತು. ಅಮಲ್ದಾರರ ಜೀಪಿನ ಸ್ಪ್ರಿಂಗ್ ಪಟ್ಟಿ ಮುರಿದ ಜಾಗ 'ಅಮಲ್ದಾರ್ ಗುಂಡಿ'. ದಿಬ್ಬಣದ ಬಸ್ಸು ಸಿಕ್ಕಿಹಾಕಿಕೊಂಡು ಮುಹೂರ್ತ ಮೀರಿದ ಜಾಗ 'ಧಾರೆ ಗುಂಡಿ'. ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಹೆಸರು ಹೋಗಿರಲಿಲ್ಲ. "ಅಮಲ್ದಾರ್ ಗುಂಡಿ ಮತ್ತೆ ಎದ್ದೈತೆ ಸಾ" ಎಂದು ಅವರು ಬೆಳಿಗ್ಗೆ ವರದಿ ಒಪ್ಪಿಸಿದರೆ, ಹೊಸದಾಗಿ ಬಂದ ನಾನು ಅಮಲ್ದಾರರಿಗೆ ಏನಾಯಿತೋ ಎಂದು ಗಾಬರಿಯಾಗಿದ್ದೆ.

ಗುಂಡಿ, ತೂತು, ಬಿರುಕು ಯಾವುದನ್ನೂ ನೋಡಿಕೊಂಡು ಸುಮ್ಮನಿರುವುದು ಅವರ ಕೈಯಲ್ಲಿ ಆಗುತ್ತಿರಲಿಲ್ಲ. ಊಟಕ್ಕೆ ಕೂತರೆ ಮುತ್ತುಗದ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಎಲ್ಲಿ ಸಾರು ಸೋರುತ್ತದೋ ಅಲ್ಲಿಗೆ ಮೊದಲೇ ಮುದ್ದೆಯ ಚೂರು ಮೆತ್ತುತ್ತಿದ್ದರು. ನನ್ನ ಬಾಡಿಗೆ ಮನೆಗೆ ಒಂದು ಸಲ ಯಾವುದೋ ಕಾಗದಕ್ಕೆ ಸಹಿ ಮಾಡಲು ಬಂದವರು, ಹೋಗುವಾಗ ಹಿತ್ತಲಿನ ಇಲಿಬಿಲಕ್ಕೆ ಕಲ್ಲು ಜಡಿದು ಹೋಗಿದ್ದರು. ಇಲಿ ಒಳಗೇ ಉಳಿಯಿತು. ಆಮೇಲೆ ಒಂದು ವಾರ ನಾನೂ ನನ್ನ ಹೆಂಡತಿಯೂ ಮೂಗು ಮುಚ್ಚಿಕೊಂಡು ಓಡಾಡಿದೆವು.

ಇಂಥವರ ರಸ್ತೆಗೆ ನಾನು ಬೀಮು ತಂದೆ.

ಅದು ಎಪ್ಪತ್ತರ ದಶಕದ ಕೊನೆ. ಬೆಂಗಳೂರಿನಲ್ಲಿ ಮೂರು ವಾರ ತರಬೇತಿ ಮುಗಿಸಿ ಬಂದಿದ್ದೆ. ಟಾರು ರಸ್ತೆ ಎನ್ನುವುದು ಒಂದೇ ವಸ್ತುವಲ್ಲ, ಕೆಳಗೆ ಮಣ್ಣು, ಅದರ ಮೇಲೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಮೇಲ್ಗಡೆ ಟಾರು. ಭಾರದ ಚಕ್ರ ನಿಂತಾಗ ಈ ಪದರಗಳೆಲ್ಲ ಒಟ್ಟಿಗೆ ಕೂದಲೆಳೆಯಷ್ಟು ತಗ್ಗುತ್ತವೆ, ಚಕ್ರ ಹೋದ ಮೇಲೆ ಮೇಲೇಳುತ್ತವೆ. ಎಷ್ಟು ಕಡಿಮೆ ತಗ್ಗಿದರೆ ಅಷ್ಟು ಬಿಗಿ, ಅಷ್ಟು ಗಟ್ಟಿ. ಇದನ್ನು ಕಲಿತು ಬಂದ ನಾನು ಎರಡು ತಿಂಗಳು ನೆಲದ ಮೇಲೆ ನಡೆದವನೇ ಅಲ್ಲ. ಈ ತಗ್ಗುವಿಕೆಯನ್ನು ಅಳೆಯುವ ಉಪಕರಣವೇ ಬೀಮು. ಹೆಚ್ಚು ತಗ್ಗಿದ ಕಡೆಗೆ ಹೊಸ ಟಾರು ಹಾಕುವುದೆಂದು ಲೆಕ್ಕ. ಎರಡಾಳುದ್ದದ ತೊಲೆ. ಅದರ ಚೂಪು ತುದಿಯನ್ನು ಲಾರಿಯ ಹಿಂದಿನ ಜೋಡಿ ಟೈರುಗಳ ಸಂದಿಗೆ ತೂರಿಸಬೇಕು. ಇನ್ನೊಂದು ತುದಿಯಲ್ಲಿ ಗಡಿಯಾರದಂಥ ಮುಳ್ಳು. ಲಾರಿ ಮೆಲ್ಲಗೆ ಮುಂದೆ ಸರಿದರೆ ರಸ್ತೆ ಮೇಲೆದ್ದಷ್ಟು ಮುಳ್ಳು ತಿರುಗುತ್ತದೆ. ಗ್ಯಾಂಗಿನವರು ಅದನ್ನು 'ಸಾಹೇಬ್ರ ತೊಲೆ' ಎಂದರು. ದಾರಿಯಲ್ಲಿ ಸಿಕ್ಕ ಹೆಂಗಸೊಬ್ಬಳು, "ನಮ್ ಹೊಲದಾಗೂ ಒಂದ್ಕಿತ ಇಟ್ಟು ನೋಡಪ್ಪ, ಎಷ್ಟಡಿಗೆ ನೀರೈತೆ ಹೇಳು" ಎಂದು ಬೇಡಿಕೊಂಡಳು.

ಮೇಸ್ತ್ರಿಗಳು ಮೊದಲ ದಿನ ತೊಲೆಯ ಸುತ್ತ ಮೂರು ಸುತ್ತು ಬಂದು ಕೇಳಿದರು.

"ಎಷ್ಟು ತಗ್ತು ಸಾ?"

"ಒಂದು ಮಿಲಿಮೀಟರ್."

"ಅಂದ್ರೆ?"

ಉಗುರಿನ ದಪ್ಪ ತೋರಿಸಿದೆ.

"ಇಷ್ಟು ತಗ್ಗೋದ್ ನೋಡಾಕೆ ಬೆಂಗ್ಳೂರಿಂದ ತೊಲೆ ತಂದ್ರಾ? ಅದ್ರಾಗೇನೈತೆ ಸಾ. ರಸ್ತೆ ಹಾಸಿಗೆ ಇದ್ದಂಗೆ. ಮೇಲೆ ಕಂಬ್ಳಿ ಎಷ್ಟ್ ಚಂದಾಗಿದ್ರೂ, ಕೆಳಗೆ ಚಾಪೆ ಹರಿದಿದ್ರೆ ಬೆನ್ನಿಗ್ ಗೊತ್ತಾಯ್ತದೆ."

ಮೂರು ವಾರ ನನಗೆ ಪಾಠ ಹೇಳಿದವರು ಇದನ್ನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಅದನ್ನು ಒಪ್ಪಿಕೊಳ್ಳುವ ವಯಸ್ಸು ನನ್ನದಲ್ಲ. "ವಿಜ್ಞಾನ ಬೇರೆ, ಬೆನ್ನು ಬೇರೆ ಮೇಸ್ತ್ರಿ" ಎಂದೆ.

ಬಿಸಿಲಿಗೆ ಟಾರು ಮೆತ್ತಗಾಗುವುದರಿಂದ ಅದರ ಶಾಖವನ್ನೂ ಅಳೆಯಬೇಕಿತ್ತು. ಎರಡು ಬೆರಳು ಆಳಕ್ಕೆ ತೂತು ಕೊರೆದು, ಗ್ಲಿಸರಿನ್ ತುಂಬಿ, ಥರ್ಮಾಮೀಟರ್ ಇಳಿಬಿಡುವುದು. ಅವರ ರಸ್ತೆಗೆ ನಾನು ತೂತು ಕೊರೆದಾಗ ಅವರ ಮುಖ ನೋಡಬೇಕಿತ್ತು! ಥರ್ಮಾಮೀಟರ್ ತೆಗೆಯುವುದೇ ತಡ, ಟಾರಿನ ಡಬ್ಬಿ ಹಿಡಿದು ನಿಂತಿರುತ್ತಿದ್ದ ಅವರು ಕೂತು ತೂತಿಗೆ ಟಾರು ಬಿಟ್ಟು, ಸಣ್ಣ ಜಲ್ಲಿ ಒತ್ತಿ, ಅಂಗೈಯಲ್ಲಿ ತಟ್ಟಿ ಏಳುತ್ತಿದ್ದರು. "ಜ್ವರ ನೋಡಾಕೆ ಮೈಗೇ ತೂತು ಮಾಡೋ ಡಾಕ್ಟ್ರನ್ನ ನಾನೆಲ್ಲೂ ಕಂಡಿಲ್ಲ ಕಣ್ರಪ್ಪಾ" ಎಂದು ಗ್ಯಾಂಗಿನವರಿಗೆ ಹೇಳಿದ್ದು ನನಗೂ ಕೇಳಲಿ ಎಂದೇ ಹೇಳಿದ್ದು.

ಹಾಗೆಂದು ಅವರು ಹೇಳಿದ್ದೆಲ್ಲ ವೇದವಾಕ್ಯವಲ್ಲ. ತರೀಕೆರೆ ದಾಟಿದ ಮೇಲೆ ಒಂದು ದೊಡ್ಡ ಹುಣಿಸೆಮರದ ಹತ್ತಿರ, "ಇಲ್ಲಿ ರಸ್ತೆ ಜಾಳು ಸಾ. ಅಮಾಸೆ ದಿನ ಟಾರ್ ಹಾಕಿದ್ದು, ಬ್ಯಾಡ ಅಂದ್ರೂ ಕೇಳ್ಲಿಲ್ಲ ಆಗಿನ್ ಸಾಹೇಬ್ರು" ಎಂದು ಆಣೆ ಇಟ್ಟು ಹೇಳಿದರು. ತೊಲೆ ಇಟ್ಟು ನೋಡಿದರೆ ಆ ಕಡೆಯಲ್ಲೆಲ್ಲ ಅದೇ ಅತಿ ಬಿಗಿಯಾದ ಜಾಗ. ನಾನು ಮುಳ್ಳನ್ನು ತೋರಿಸಿದೆ. ಅವರು ನಿಧಾನಕ್ಕೆ ನಶ್ಯ ಏರಿಸಿ, "ಇವತ್ತು ದಶಮಿ ಸಾ. ಅಮಾಸೆ ದಿನ ಬಂದು ನೋಡಿ" ಅಂದರು.

ಆ ಘಟನೆಯಿಂದ ನನಗೆ ಧೈರ್ಯ ಬಂತು. ಈ ಮನುಷ್ಯನ ಮಾತಿಗೆ ಬೆಲೆ ಕೊಡಬೇಕಾಗಿಲ್ಲ ಎಂದು ತೀರ್ಮಾನಿಸಿದೆ.

ಈ ಪರೀಕ್ಷೆಗೆ ಲಾರಿಯ ಹಿಂದಿನ ಅಚ್ಚಿನ ಮೇಲೆ ಎಂಟು ಟನ್ನಿಗೆ ತುಸು ಮೇಲೆ ಭಾರ ಇರಬೇಕು. ಸರಿಯಾಗಿ ಅಷ್ಟೇ ಇರಬೇಕು. ಉಗ್ರಾಣದಿಂದ ಜಲ್ಲಿ ಪಡೆದು, ಕೆಲಸ ಮುಗಿದ ಮೇಲೆ ವಾಪಸು ಮಾಡುವುದಾಗಿ ಬರೆದುಕೊಟ್ಟು, ಬೀರೂರಿನ ತೂಕದ ಕಟ್ಟೆಯಲ್ಲಿ ಲಾರಿ ತೂಗಿಸಿ ತಂದಿದ್ದೆವು. ಜಲ್ಲಿಯ ಜವಾಬ್ದಾರಿ ಮೇಸ್ತ್ರಿಗಳದ್ದು. ಪ್ರತಿದಿನ ಕೆಲಸಕ್ಕೆ ಮೊದಲು ಲಾರಿಯನ್ನು ಮತ್ತೆ ತೂಗಿಸಬೇಕು ಎಂದು ನಿಯಮ. ನಮೂನೆಯಲ್ಲಿ ಅದಕ್ಕೊಂದು ಅಂಕಣವೇ ಇತ್ತು: 'ಅಚ್ಚಿನ ಭಾರ ಪರಿಶೀಲಿಸಿದೆ.' ದಿನಾ ಬೆಳಿಗ್ಗೆ ತೂಕಕ್ಕೆಂದು ಬೀರೂರಿಗೆ ಹೋಗಿ ಬರಲು ನನಗೇನು ತಲೆ ಕೆಟ್ಟಿತ್ತೇ? ಕಲ್ಲು ಕರಗುತ್ತದೆಯೇ? ಒಂಬತ್ತು ದಿನವೂ ಅದೇ ಅಂಕಿ ಬರೆದು, ಅಂಕಣದಲ್ಲಿ ಗುರುತು ಹಾಕಿ, ದುಂಡಗೆ ಸಹಿ ಮಾಡಿದೆ.

ತರೀಕೆರೆಯಿಂದ ಶುರುಮಾಡಿ ಅಜ್ಜಂಪುರದ ಕಡೆಗೆ ಸಾಗಿದೆವು. ಒಂದೊಂದು ಗುರುತಿನ ಮೇಲೂ ಲಾರಿ ನಿಲ್ಲಿಸಿ, ತೊಲೆ ಇಟ್ಟು, ಮಂಡಿಯೂರಿ ಮುಳ್ಳು ಓದುತ್ತಿದ್ದೆ. ಓದಿದ ಮೇಲೆ ಮರದ ನೆರಳಿಗೆ ಹೋಗಿ ಲೆಕ್ಕ ಹಾಕುತ್ತಿದ್ದೆ. ತಲೆಯೆತ್ತಿದಾಗಲೆಲ್ಲ ಗ್ಯಾಂಗಿನ ನಾಲ್ವರು ಬಾಂಡ್ಲಿ ಹೊತ್ತು ಓಡಾಡುತ್ತಿರುವುದು ಕಾಣುತ್ತಿತ್ತು. ನನಗೆ ಖುಷಿಯೋ ಖುಷಿ. "ನಿನ್ನ ಆಳುಗಳು ಒಂದು ಗಳಿಗೆ ಸುಮ್ಮನೆ ಕೂರುವುದಿಲ್ಲವಲ್ಲ ಮೇಸ್ತ್ರಿ" ಎಂದು ಹೊಗಳಿದೆ. ಅವರು ನಾಚಿ ಬಿಲ್ಲೆ ಸರಿಮಾಡಿಕೊಂಡರು.

ಫಲಿತಾಂಶ ನೋಡಿ ನನಗೆ ರೋಮಾಂಚನ. ತರೀಕೆರೆ ಕಡೆ ಕೆಂಪು ಮಣ್ಣು, ಅಜ್ಜಂಪುರದ ಕಡೆ ಎರೆಮಣ್ಣು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ, ಅದರ ಮೇಲೆ ರಸ್ತೆ ನಿಲ್ಲುವುದು ಕಷ್ಟ ಎಂದು ಲೋಕಕ್ಕೆಲ್ಲ ಗೊತ್ತು. ನನ್ನ ಅಂಕಿಗಳು ಹೇಳಿದ್ದು ತದ್ವಿರುದ್ಧ. ಅಜ್ಜಂಪುರಕ್ಕೆ ಹತ್ತಿರವಾದಷ್ಟೂ ರಸ್ತೆ ಬಿಗಿಯಾಗುತ್ತ ಹೋಗಿತ್ತು!

"ಆ ಕಡೆ ರಸ್ತೆ ಎಲ್ಲೈತೆ ಸಾ? ಎರೆ ಮೇಲೆ ಕರೀ ಬಟ್ಟೆ ಹಾಸವ್ರೆ ಅಷ್ಟೇಯ. ಈ ಸಲ ಅಲ್ಲಿಗೆ ಹೊಸಾ ಟಾರ್ ಬರ್ತದೆ ಅಂತ ಟೀ ಅಂಗ್ಡೀಲೆಲ್ಲಾ ಹೇಳ್ಬಿಟ್ಟಿದೀನಿ" ಎಂದರು ಮೇಸ್ತ್ರಿ.

"ಅಮಾವಾಸ್ಯೆ ದಿನ ನೋಡೋಣ ಬಿಡು" ಎಂದು ನಾನು ನಕ್ಕೆ. ಅವರು ನಗಲಿಲ್ಲ.

ಎರೆಮಣ್ಣಿನಲ್ಲಿರುವ ಸುಣ್ಣದ ಹರಳುಗಳು ಜಲ್ಲಿಯ ಪದರದೊಂದಿಗೆ ಬೆರೆತು ರಸ್ತೆಯನ್ನು ಗಟ್ಟಿಮಾಡಿವೆ ಎಂದು ಒಂದು ಸಿದ್ಧಾಂತ ಹೊಸೆದೆ. ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ಬೆಂಗಳೂರಿನಲ್ಲಿ ಇಂಜಿನಿಯರುಗಳ ಸಭೆಯಲ್ಲಿ ಓದಿದೆ. ಏಲಕ್ಕಿ ಹಾರ ಹಾಕಿದರು. ಮುಂದಿನ ಸಾಲಿನ ಮುದುಕರೊಬ್ಬರು ಎದ್ದು, "ಲಾರಿಯನ್ನು ದಿನಾ ತೂಗಿಸುತ್ತಿದ್ದಿರಷ್ಟೆ?" ಎಂದು ಕೇಳಿದರು. "ಪ್ರತಿದಿನ, ತಪ್ಪದೆ" ಎಂದೆ. ದನಿ ಒಂದಿಷ್ಟೂ ನಡುಗಲಿಲ್ಲ. ನಮ್ಮ ದೊಡ್ಡ ಸಾಹೇಬರಿಗೂ ಸಂತೋಷ. ಅಜ್ಜಂಪುರದ ಕಡೆಯ ಹೊಸ ಟಾರನ್ನು ಪಟ್ಟಿಯಿಂದ ಹೊಡೆದುಹಾಕಿ, ಅದನ್ನು ಲಕ್ಕವಳ್ಳಿ ರಸ್ತೆಗೆ ತಿರುಗಿಸಿದರು.

ಮಳೆಗಾಲದ ಕೊನೆಗೆ ಉಗ್ರಾಣದಿಂದ ಒಂದು ಕಾಗದ ಬಂತು. ಪರೀಕ್ಷೆಗೆಂದು ಕೊಟ್ಟ ಜಲ್ಲಿಯಲ್ಲಿ ಅರ್ಧಕ್ಕರ್ಧ ವಾಪಸು ಬಂದಿಲ್ಲ. ಮೇಸ್ತ್ರಿಯಿಂದ ವಿವರಣೆ ಪಡೆದು ಕಳುಹಿಸಬೇಕು. ಇದು ಸಣ್ಣ ವಿಷಯವಲ್ಲ. ಮೇಸ್ತ್ರಿಯಾಗಿಯೇ ಇಪ್ಪತ್ತೈದು ವರ್ಷ ದುಡಿದಿದ್ದರೂ ಅವರು ಕಾಯಂ ನೌಕರರಲ್ಲ. ಆ ವರ್ಷ ಹಳಬರನ್ನೆಲ್ಲ ಕಾಯಂ ಮಾಡುವ ಪಟ್ಟಿ ತಯಾರಾಗುತ್ತಿತ್ತು, ಅವರ ಹೆಸರೂ ಅದರಲ್ಲಿತ್ತು. ನಿವೃತ್ತಿಗೆ ಆರು ತಿಂಗಳು. ಪಟ್ಟಿಯಲ್ಲಿ ಉಳಿದರೆ ಸಾಯುವ ತನಕ ಪೆನ್ಷನ್. ಮೇಲೆ ಕಳವಿನ ಆಪಾದನೆ ಇದ್ದರೆ ಬರಿಗೈ. ಇದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಕರೆಸಿ ಕೇಳಿದೆ. "ಜಲ್ಲಿ ಎಲ್ಲಿ ಹೋಯಿತು ಮೇಸ್ತ್ರಿ?"

"ಎಲ್ಲಿಗ್ ಹೋಯ್ತದೆ? ರಸ್ತೇಲೈತೆ."

"ಯಾವ ರಸ್ತೆಯಲ್ಲಿ?"

"ನಾವು ಅಳ್ದಿದ್ ರಸ್ತೇಲೇಯ. ಲಾರಿ ತುಂಬಾ ಜಲ್ಲಿ ಇಟ್ಕಂಡು ಗುಂಡಿ ಪಕ್ದಾಗೇ ನಿಂತಿದ್ರೆ ಸುಮ್ಕಿರಾಕಾಯ್ತದಾ ಸಾ? ನೀವು ಲೆಕ್ಕ ಬರೆಯೋಷ್ಟೊತ್ಗೆ ನಾವು ಹಿಂದ್ಗಡೆ ಹಲಗೆ ಬಿಚ್ಚಿ ನಾಕ್ ಬಾಂಡ್ಲಿ ತಗಂಡು, ಕೆಮ್ಮಣ್ಣು ಹಾಕಿ ದಮ್ಮಸು ಮಾಡ್ಬಿಡ್ತಿದ್ವಿ. ಅಜ್ಜಂಪುರದ ತನಕ ಒಂದ್ ಗುಂಡಿ ಬಿಟ್ಟಿಲ್ಲ."

ಒಂಬತ್ತು ದಿನ ಲಾರಿ ಹಗುರಾಗುತ್ತ ಹೋಗಿದೆ. ಹಗುರ ಚಕ್ರಕ್ಕೆ ರಸ್ತೆ ಕಡಿಮೆ ತಗ್ಗಿದೆ. ಬಿಗಿಯಾಗುತ್ತ ಹೋದದ್ದು ರಸ್ತೆಯಲ್ಲ! ನನ್ನ ಕಣ್ಣೆದುರಿಗೇ ಬಾಂಡ್ಲಿಗಳು ಹೋಗಿದ್ದವು, ನಾನೇ ನೋಡಿದ್ದೆ, ನೋಡಿ ಶಹಬಾಸ್ ಎಂದಿದ್ದೆ. ರುದ್ರಪ್ಪನನ್ನು ಕರೆದು ಕೇಳಿದರೆ, "ಹಿಂದ್ಗಡೆ ಸ್ಪ್ರಿಂಗ್ ಪಟ್ಟಿ ಮೇಲೆದ್ದಿತ್ತು ಸಾ, ಏರಿನಾಗೆ ಗಾಡಿ ಹೂವಿನಂಗೆ ಹೋಯ್ತಿತ್ತು. ಸಾಹೇಬ್ರು ನೋಡ್ತಾವ್ರಲ್ಲ, ಅದೂ ಲೆಕ್ಕದಾಗೆ ಇರ್ಬೇಕು ಅಂದ್ಕಂಡೆ" ಅಂದ. ಇಡೀ ತಂಡದಲ್ಲಿ ಗೊತ್ತಿಲ್ಲದವನು ತರಬೇತಿ ಪಡೆದವನೊಬ್ಬನೇ.

ಮೇಸ್ತ್ರಿಗಳಿಗೆ ವಿಷಯ ಬಿಡಿಸಿ ಹೇಳಿದೆ. ಹೇಳುವಾಗ ದನಿ ಏರಿತ್ತು. ಅವರು ಕೇಳುತ್ತ ಕೇಳುತ್ತ ಮೊದಲು ಹಿಗ್ಗಿದರು.

"ಹಂಗಾದ್ರೆ ಆ ಕಡೆ ರಸ್ತೆ ಜಾಳು ಅಂತ ಆಯ್ತಲ್ಲ ಸಾ! ನಾನ್ ಹೇಳಿದ್ದೇ ನಿಜ ಆಯ್ತಲ್ಲ!"

ಆಮೇಲೆ ಮುಖ ಇಳಿಯಿತು.

"ನಾನು ಗುಂಡಿ ಮುಚ್ಚಿದ್ಕೇ ಅಲ್ಲಿಗೆ ಟಾರ್ ಬರ್ಲಿಲ್ವಾ? ಅಯ್ಯೋ ಶಿವನೇ, ನನ್ ರಸ್ತೆಗೆ ನಾನೇ ಮಣ್ಣಾಕ್ಬಿಟ್ನಾ?" ಎಂದವರು ನನ್ನ ಮೇಜಿನ ಹತ್ತಿರಕ್ಕೆ ಬಂದು, "ಇನ್ನೊಂದ್ಕಿತ ಅಳೀರಿ ಸಾ. ನಿಮ್ ದಮ್ಮಯ್ಯ" ಅಂದರು. ಕಳವಿನ ಕಾಗದದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಇನ್ನೊಮ್ಮೆ ಅಳೆಯಲು ನನಗೊಂದು ನೆಪ ಬೇಕಿತ್ತು, ಸಿಕ್ಕಿತು. ಮೊದಲು ಅಳೆದದ್ದು ಬೇಸಿಗೆಯಲ್ಲಿ. ಮಳೆಗಾಲ ಮುಗಿದ ಮೇಲೆ ಮಣ್ಣು ತೇವವಾಗಿದ್ದಾಗ ಇನ್ನೊಮ್ಮೆ ನೋಡುವುದು ಒಳ್ಳೆಯದು ಎಂದು ದೊಡ್ಡ ಸಾಹೇಬರನ್ನು ಒಪ್ಪಿಸಿದೆ. ಈ ಸಲ ಅಜ್ಜಂಪುರದ ಕಡೆ ಮಾತ್ರ, ಬೆಳಿಗ್ಗೆ ತೂಗಿಸಿ ತಂದ ಲಾರಿಯಲ್ಲಿ.

ಆ ದಿನದ ಮೇಸ್ತ್ರಿಗಳನ್ನು ನಾನು ಮರೆಯಲಾರೆ. ಮಳೆಗೆ ರಸ್ತೆ ಮತ್ತೆ ಕಿತ್ತುಹೋಗಿತ್ತು. ಎಲ್ಲಿ ನೋಡಿದರೂ ಗುಂಡಿ. ಗ್ಯಾಂಗಿನ ನಾಲ್ವರ ಬಾಂಡ್ಲಿಗಳನ್ನೂ ಕಸಿದು ಜೀಪಿನಲ್ಲಿ ಹಾಕಿಸಿ, ತಾವು ಲಾರಿಯ ಹಿಂದಿನ ಹಲಗೆಗೆ ಬೆನ್ನು ಕೊಟ್ಟು ನಡೆದರು. ಒಂದು ಕಡೆ ಚಕ್ರದ ಪಕ್ಕದಲ್ಲೇ ಮೊಳದುದ್ದದ ಗುಂಡಿ, ಲಾರಿಯಲ್ಲಿ ತಲೆಯ ಮಟ್ಟ ಜಲ್ಲಿ. ಅವರು ಗುಂಡಿ ನೋಡಿದರು, ಜಲ್ಲಿ ನೋಡಿದರು, ಕೈ ಎರಡನ್ನೂ ಕಂಕುಳಿಗೆ ಸೇರಿಸಿಕೊಂಡರು.

"ಸಾ, ಇದೊಂದು…"

"ಬೇಡ ಮೇಸ್ತ್ರಿ."

"ಒಂದೇ ಬಾಂಡ್ಲಿ…"

"ಬೇಡ ಅಂದೆನಲ್ಲ."

ಅವರು ಗುಂಡಿಗೆ ಬೆನ್ನು ಮಾಡಿ ನಿಂತುಬಿಟ್ಟರು. ನಾನು ಮುಳ್ಳು ಓದಿದೆ. ಬೇಸಿಗೆಯಲ್ಲಿ ಬಂದದ್ದಕ್ಕಿಂತ ಎರಡು ಪಟ್ಟು ಮಿಕ್ಕಿ ತಗ್ಗಿತ್ತು. ಹೇಳಿದೆ. ಅವರು ಗಂಭೀರವಾಗಿ ತಲೆದೂಗುತ್ತಾರೆ ಎಂದುಕೊಂಡಿದ್ದೆ. ಇಲ್ಲ. ನಡುರಸ್ತೆಯಲ್ಲಿ ನಿಂತು, ನಶ್ಯದ ಡಬ್ಬಿ ತೆಗೆದು ಎಲ್ಲರಿಗೂ ಹಂಚಿ, ದಾರಿಯಲ್ಲಿ ಹೋಗುತ್ತಿದ್ದ ಗಾಡಿಯವನನ್ನೂ ತಡೆದು ನಿಲ್ಲಿಸಿ, "ನಾನ್ ಹೇಳ್ಲಿಲ್ವೇನೋ? ತೊಲೇನೂ ಅದ್ನೇ ಹೇಳ್ತು ನೋಡೋ!" ಎಂದರು. ಗಾಡಿಯವನು ಏನೂ ತಿಳಿಯದೆ ಸೀನಿದ.

ವರದಿ ಬರೆಯಲು ಕೂತೆ. ಇಲ್ಲಿ ಎರಡು ದಾರಿ ಇದ್ದವು. ಮೊದಲ ಪರೀಕ್ಷೆ ತಪ್ಪು, ಭಾರವನ್ನು ನಾನು ತೂಗಿಸಿರಲಿಲ್ಲ, ಜಲ್ಲಿ ನನ್ನ ಕಣ್ಣೆದುರೇ ರಸ್ತೆಗೆ ಬಿತ್ತು ಎಂದು ಬರೆದರೆ ರಸ್ತೆಗೆ ಟಾರು ಬರುತ್ತದೆ, ಮೇಸ್ತ್ರಿಗಳ ಮೇಲಿನ ಆಪಾದನೆ ಹೋಗುತ್ತದೆ, ನನ್ನ ಮಾನ ಹರಾಜಾಗುತ್ತದೆ. 'ಮಳೆಗಾಲದ ತೇವದಿಂದ ಎರೆಮಣ್ಣು ಅನಿರೀಕ್ಷಿತವಾಗಿ ದುರ್ಬಲವಾಗಿದೆ' ಎಂದು ಬರೆದರೆ ರಸ್ತೆಗೆ ಟಾರು ಬರುತ್ತದೆ, ನನ್ನ ಏಲಕ್ಕಿ ಹಾರವೂ ಉಳಿಯುತ್ತದೆ. ನಾನು ಎರಡನೆಯದನ್ನು ಬರೆದೆ. ಬಹಳ ಚೆನ್ನಾಗಿ ಬರೆದೆ. ನಕ್ಷೆ ಬೇರೆ ಹಾಕಿದ್ದೆ.

ಉಗ್ರಾಣದ ಕಾಗದಕ್ಕೆ ಉತ್ತರ ಉಳಿಯಿತು. ಮೇಸ್ತ್ರಿಗಳಿಗೆ ಸಹಿ ಹಾಕಲು ಬರುತ್ತಿತ್ತು, ಕಚೇರಿಯ ಭಾಷೆ ಬರುತ್ತಿರಲಿಲ್ಲ. "ನೀವೇ ಬರ್ಕೊಡಿ ಸಾ, ನಿಮ್ಗೆ ಗೊತ್ತಲ್ಲ" ಅಂದರು. ಬರೆದೆ. ಜಲ್ಲಿಯನ್ನು ಸ್ವಂತಕ್ಕೆ ಬಳಸಿಲ್ಲ, ಗುಂಡಿ ಮುಚ್ಚಲು ಬಳಸಿದ್ದೇನೆ ಎಂದು ಬರೆದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅದನ್ನು ಓದಿದವರು, ಹಾಗಾದರೆ ಇಂಜಿನಿಯರು ಆಗ ಎಲ್ಲಿದ್ದ, ಯಾವಾಗ ಮುಚ್ಚಿದ್ದು ಎಂದು ಕೇಳುತ್ತಾರಲ್ಲ! ಅದಕ್ಕೆ ಮಧ್ಯದಲ್ಲಿ ಮೂರು ಪದ ಸೇರಿಸಿದೆ: 'ಮೇಲಧಿಕಾರಿಗಳ ಗಮನಕ್ಕೆ ತಾರದೆ'. ಓದಿ ಹೇಳಿದೆ. ಆ ಮೂರು ಪದಗಳನ್ನು ಸ್ವಲ್ಪ ಬೇಗ ಓದಿದೆ. ಅವರು ಮಂಡಿಯ ಮೇಲೆ ಕಾಗದ ಇಟ್ಟುಕೊಂಡು, ನಾಲಿಗೆಯ ತುದಿ ಕಚ್ಚಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು.

ಏನೂ ಆಗಲಾರದು, ಒಂದು ಎಚ್ಚರಿಕೆ ಕೊಟ್ಟು ಬಿಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡಿದ್ದು ಒಂದು ಸಲವಲ್ಲ. ದಿನಕ್ಕೆ ಹತ್ತು ಸಲ ಹೇಳಿಕೊಳ್ಳಬೇಕಾಗಿ ಬಂತು.

ಸಂಕ್ರಾಂತಿ ಕಳೆದ ಮೇಲೆ ಅಜ್ಜಂಪುರದ ಕಡೆ ಟಾರು ಬಿತ್ತು. ಹಳೆಯ ಪದರ ಕಿತ್ತು, ಕೆಳಗೆ ಹೊಸ ಜಲ್ಲಿ ಹಾಕಿ, ರೋಲರ್ ಓಡಿಸಿ, ಮೇಲೆ ದಪ್ಪ ಟಾರು. ಮೇಸ್ತ್ರಿಗಳು ಮದುವೆ ಮನೆಯ ಯಜಮಾನರಂತೆ ಓಡಾಡಿದರು. ನನ್ನನ್ನು ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದರು. "ನನ್ ಮಾತು ಉಳಿಸ್ಬಿಟ್ರಿ ಸಾ. ಟೀ ಅಂಗ್ಡೀಲಿ ಈಗ ನನ್ನೇ ಮುಂದ್ ಕೂರಿಸ್ತಾರೆ" ಅಂದರು. ನಾನೂ ನಕ್ಕು, ರಸ್ತೆ ಚೆನ್ನಾಗಿದೆ ಎಂದೆ.

ಅವರ ಕೆಲಸದ ಕೊನೆಯ ವಾರದಲ್ಲಿ ಆದೇಶ ಬಂತು. ಟೈಪು ಮಾಡಿದ ಒಂದು ಹಾಳೆ. ಅದನ್ನು ಹಿಡಿದುಕೊಂಡು ಮಧ್ಯಾಹ್ನ ನನ್ನ ಕೋಣೆಗೆ ಬಂದರು. ಬಿಲ್ಲೆ ಬಿಚ್ಚಿಕೊಟ್ಟಾಗಿತ್ತು, ಅಂಗಿಯ ಮೇಲೆ ಅದು ಇದ್ದ ಜಾಗ ಮಾತ್ರ ಬಣ್ಣ ಮಾಸದೆ ದುಂಡಗೆ ಉಳಿದಿತ್ತು.

"ಏನ್ ಬರ್ದವ್ರೆ ಓದಿ ಸಾ."

ಓದಿದೆ. ಸರ್ಕಾರಿ ಸಾಮಗ್ರಿಯನ್ನು ಮೇಲಧಿಕಾರಿಗಳ ಗಮನಕ್ಕೆ ತಾರದೆ ವಿಲೇವಾರಿ ಮಾಡಿರುವುದಾಗಿ ಸದರಿ ನೌಕರನೇ ಲಿಖಿತವಾಗಿ ಒಪ್ಪಿಕೊಂಡಿರುವುದರಿಂದ, ಆತನ ಹೆಸರನ್ನು ಕಾಯಂ ಪಟ್ಟಿಯಿಂದ ಕೈಬಿಡಲಾಗಿದೆ. ನನ್ನ ಮೂರೂ ಪದಗಳು ಒಂದಕ್ಷರ ತಪ್ಪದೆ ಇದ್ದವು.

"ಪೆನ್ಷನ್ ಇಲ್ಲ ಅಂತಾನಾ?"

"ಇಲ್ಲ ಅಂತ."

ಬಯ್ಯುತ್ತಾರೆ ಎಂದು ಕಾದೆ. ಬಯ್ದಿದ್ದರೆ ಎದ್ದು ಹೋಗಿ ದೊಡ್ಡ ಸಾಹೇಬರಿಗೆ ಎಲ್ಲವನ್ನೂ ಹೇಳಿಬಿಡುತ್ತಿದ್ದೆನೋ ಏನೋ. ಹಾಗೆಂದು ಈಗ ಹೇಳುವುದು ಸುಲಭ.

"ಗಮನಕ್ಕೆ ತಾರದೆ ಅಂದ್ರೆ ಏನ್ ಸಾ?"

"ನನಗೆ ಹೇಳದೆ ಮಾಡಿದೆ ಅಂತ."

ಅವರು ಎರಡು ಹೆಜ್ಜೆ ಹತ್ತಿರ ಬಂದು, ತಪ್ಪು ಮಾಡಿದ ಹುಡುಗನ ಹಾಗೆ ಕೈಕಟ್ಟಿಕೊಂಡರು.

"ಅದು ಖರೇನೇ ಸಾ. ಬಾಯ್ಬಿಟ್ಟು ಒಂದ್ ಮಾತು ಕೇಳ್ಬೇಕಾಗಿತ್ತು. ನಿಮ್ ಲೆಕ್ಕ ಎಲ್ಲಾ ಕೆಡಿಸ್ಬಿಟ್ಟೆ. ಬೆಂಗ್ಳೂರಾಗೆ ನಿಮ್ಗೆ ಅವಮಾನ ಆಗೋದಿತ್ತು, ದೇವ್ರು ಕಾಪಾಡ್ದ. ನನ್ ಪೆನ್ಷನ್ ಹಾಳಾಗೋಗ್ಲಿ. ನೀವು ಮನ್ಸಾಗೆ ಏನೂ ಇಟ್ಕಬ್ಯಾಡಿ. ಈ ಮುದುಕನ್ನ ಕ್ಷಮಿಸ್ಬಿಟ್ಟೆ ಅಂತ ಒಂದ್ ಮಾತ್ ಹೇಳ್ಬಿಡಿ ಸಾ."

ಕಿಟಕಿಯಾಚೆ ರುದ್ರಪ್ಪ ಲಾರಿ ತೊಳೆಯುತ್ತಿದ್ದ. ನಾನು ಆದೇಶವನ್ನು ಮಡಿಸಿ ಅವರ ಕೈಗೆ ಕೊಟ್ಟೆ.

"ಆಯ್ತು ಬಿಡು ಮೇಸ್ತ್ರಿ" ಎಂದೆ. "ಕ್ಷಮಿಸಿದೀನಿ."